ಕೈಯಮ್ಮನ ಸೋಪಿನ ಬಾಟಲಿ

ನನ್ನ ಹೆಂಡತಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಾಳೆ. ಹೀಗೆ ಹೇಳಿದರೆ ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನೆಲ ಒರೆಸೋದು ಅಂದ್ರೆ ಏನ್ರೀ? ನಾನು ವಾರ್ಡ್ ನೋಡ್ಕೋತೀನಿ" ಎನ್ನುತ್ತಾಳೆ. ಸರಿ, ಇಪ್ಪತ್ತೆರಡು ವರ್ಷದಿಂದ ವಾರ್ಡ್ ನೋಡಿಕೊಳ್ಳುತ್ತಿದ್ದಾಳೆ. ನಾನು ಸೈಕಲ್ ರಿಪೇರಿಯವನು. ಅಂಗಡಿಯ ಹಿಂದೆಯೇ ನಮ್ಮ ಎರಡು ಕೋಣೆಯ ಮನೆ. ಅಂಗಡಿಗೂ ಮನೆಗೂ ನಡುವೆ ಒಂದು ಬಾಗಿಲು, ಬಾಗಿಲ ಪಕ್ಕ ಒಂದು ನಲ್ಲಿ. ಗ್ರೀಸ್ ಮೆತ್ತಿದ ಕೈಯಲ್ಲಿ ಆ ನಲ್ಲಿ ದಾಟಿ ಒಳಗೆ ಹೋಗಲು ಈ ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದು ದಿನವೂ ಆಗಿಲ್ಲ.

"ಹೆಬ್ಬೆರಳು ಮರೆತ್ರಿ" ಎಂದು ಒಳಗಿನಿಂದ ಕೂಗುತ್ತಾಳೆ. ನೋಡದೆಯೇ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು, ಇಷ್ಟಕ್ಕೆ ಇಷ್ಟು ಹೊತ್ತು ಎಂದು ಅವಳ ಕಿವಿಗೇ ಲೆಕ್ಕ ಗೊತ್ತಂತೆ. ಮೊದಮೊದಲು ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಲೇ, ನಾನೇನು ಆಪರೇಷನ್ ಮಾಡೋಕೆ ಹೊರಟಿದ್ದೀನಾ? ಊಟಕ್ಕೆ ಬರ್ತಾ ಇದ್ದೀನಿ ಕಣೇ!" ಎಂದು ರೇಗುತ್ತಿದ್ದೆ. "ನಿಮ್ಮ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅಲ್ಲಿಗೆ" ಎನ್ನುತ್ತಿದ್ದಳು. ಅಲ್ಲಿಗೆ ಎಂದರೆ ವಾರ್ಡಿಗೆ. ಅಲ್ಲಿಗೆ ಅಂದಮೇಲೆ ನನ್ನ ಬಾಯಿ ಬಂದ್.

ಆ ವಾರ್ಡಿನಲ್ಲಿ ಹದಿನಾಲ್ಕು ಹಾಸಿಗೆ. ರಕ್ತದ ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವ ಮಕ್ಕಳು. ಆ ಔಷಧಿ ಒಳಗೆ ಹೋಗಿ ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಬಡಿದು ಹಾಕುತ್ತದೆ. ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಕೆಲವು ದಿನ ಹೆಚ್ಚೂಕಡಿಮೆ ಸೊನ್ನೆಗೆ ಇಳಿದುಬಿಡುತ್ತವೆ. ಕಾವಲುಗಾರ ರಜೆ ಹಾಕಿದ, ಬಾಗಿಲಿಗೆ ಬೀಗವೂ ಇಲ್ಲದ ಮನೆಯ ಹಾಗೆ ಎಂದು ದೊಡ್ಡ ಡಾಕ್ಟರು ತಂದೆತಾಯಿಯರಿಗೆ ಹೇಳುತ್ತಾರಂತೆ. ನಮ್ಮ ನಿಮ್ಮ ಮೈಮೇಲೆ ಸುಮ್ಮನೆ ಬಿದ್ದಿರುವ ಕ್ರಿಮಿ ಆ ಮಕ್ಕಳ ಜೀವಕ್ಕೇ ಬರುತ್ತದೆ. ಅದಕ್ಕೇ ಅಲ್ಲಿ ಜ್ವರ ಬಂದರೆ 'ನಾಳೆ ನೋಡೋಣ' ಎನ್ನುವ ಮಾತಿಲ್ಲ. ಒಂದು ಗಂಟೆಯೊಳಗೆ ರಕ್ತ ಪರೀಕ್ಷೆಗೆ ಹೋಗಿರಬೇಕು, ಔಷಧಿ ನರದಲ್ಲಿ ಇಳಿಯುತ್ತಿರಬೇಕು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ದಿನಾ ಊಟದ ಜೊತೆ ಇದೇ ಬಡಿಸುತ್ತಾಳೆ.

ಅವಳ ಕೆಲಸಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಹೋದವಳೇ ನರ್ಸುಗಳ ಮೇಜಿನ ಹತ್ತಿರ ನಿಂತು ಯಾವ ಮಗುವಿನ ಕಣ ಎಷ್ಟು ಎಂದು ಕೇಳುತ್ತಾಳೆ. ಯಾರದು ಎಲ್ಲಕ್ಕಿಂತ ಕಡಿಮೆಯೋ ಆ ಕೋಣೆ ಮೊದಲು, ಬಚ್ಚಲು ಕೊನೆಗೆ. ಪೊರಕೆ ಮುಟ್ಟುವ ಹಾಗಿಲ್ಲ, ಧೂಳೇಳುತ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಒಂದು ಹಾಸಿಗೆಗೆ ಒಂದು ಬಟ್ಟೆ, ಅದು ಇನ್ನೊಂದು ಹಾಸಿಗೆಗೆ ಹೋಗಕೂಡದು. ಮಂಚದ ಕಂಬಿ, ಕರೆಗಂಟೆಯ ಗುಂಡಿ, ಲೈಟಿನ ಸ್ವಿಚ್ಚು, ಬಾಗಿಲ ಹಿಡಿ, ಟೀವಿಯ ರಿಮೋಟು. ರಿಮೋಟಿನ ಗುಂಡಿಗಳ ಸಂದಿಯನ್ನು ಅವಳು ಉಜ್ಜುವುದನ್ನು ನೋಡಿದರೆ ಹಲ್ಲಿನ ಡಾಕ್ಟರಿಗೂ ನಾಚಿಕೆಯಾಗಬೇಕು. ಹೂಗುಚ್ಛ ಹಿಡಿದು ಬಂದವರಿಗೆ ಅದು ಕೆಳಗಿನ ಕೌಂಟರಿನಲ್ಲೇ ಉಳಿಯುತ್ತದೆ ಎನ್ನುತ್ತಾಳೆ. ಹೂವಿನ ನೀರಿನಲ್ಲೂ ಕ್ರಿಮಿ ಇರುತ್ತದಂತೆ. ತಾಯಂದಿರನ್ನು ಕಂಡರೆ, "ಮನೇಲಿರೋ ದೊಡ್ಡ ಮಗುಗೆ ಲಸಿಕೆ ಎಲ್ಲಾ ಹಾಕ್ಸಿದ್ದೀರಿ ತಾನೇ? ಶೀತ ಇದ್ರೆ ಇಲ್ಲಿಗೆ ಕರ್ಕೊಂಡು ಬರಬೇಡಿ" ಎಂದು ಅವಳದೇ ಒಂದು ಉಪದೇಶ.

ಒಮ್ಮೆ ಆಸ್ಪತ್ರೆಯ ಮ್ಯಾನೇಜರ್ ಯಾರೋ ದೊಡ್ಡವರನ್ನು ಕರೆದುಕೊಂಡು ವಾರ್ಡ್ ತೋರಿಸಲು ಬಂದರಂತೆ. ಬಾಗಿಲಲ್ಲಿ ಮ್ಯಾನೇಜರಿಗೆ ಒಂದು ಸೀನು ಬಂತು. ಇವಳು ನೆಲ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದುಬಿಟ್ಟಳು. "ಸಾರ್, ನೀವು ಹೊರಗಿರಿ. ಅವರು ಬೇಕಾದ್ರೆ ಕೈ ತೊಳ್ಕೊಂಡು ಬರ್ಲಿ." ಮ್ಯಾನೇಜರು "ಏಯ್, ನಾನ್ಯಾರು ಗೊತ್ತಾ?" ಎಂದರು. "ಗೊತ್ತು ಸಾರ್, ಶೀತ ಇರೋರು." ಆವತ್ತು ಸಂಜೆ ಇದನ್ನು ಹೇಳಿಕೊಂಡು ಅವಳು ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು. ಕೆಲಸ ಹೋಗುತ್ತದೆಂದು ನನಗೆ ನಡುಕ, ಅವಳಿಗೆ ನಗು.

ಮಕ್ಕಳು ಅವಳಿಗೆ ಇಟ್ಟ ಹೆಸರು ಕೈಯಮ್ಮ. ಯಾರು ಒಳಗೆ ಬಂದರೂ "ಕೈ ತೋರ್ಸಿ" ಎನ್ನುತ್ತಾಳಲ್ಲ, ಅದಕ್ಕೆ. ಈಗ ಮಕ್ಕಳೂ ಕಲಿತುಬಿಟ್ಟಿವೆ. ಮೂರು ವರ್ಷದ್ದೂ ಡಾಕ್ಟರನ್ನು ನಿಲ್ಲಿಸಿ ಕೈ ತೋರಿಸು ಎನ್ನುತ್ತದಂತೆ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ರೀ, ಮೂರನೇ ರೂಮಿನವನ ಕಣ ಎಂಟುನೂರು ಆಯ್ತು!" ಎಂದು ಕೂಗುತ್ತಾಳೆ. ನಾನೂ ಸ್ಪ್ಯಾನರ್ ಕೆಳಗಿಟ್ಟು "ಹೌದಾ? ನಿನ್ನೆ ಮುನ್ನೂರು ಇತ್ತಲ್ಲೇ!" ಎನ್ನುತ್ತೇನೆ. ಆ ಮಕ್ಕಳ ಮುಖ ನಾನು ನೋಡಿಲ್ಲ, ಆದರೆ ಅವರ ರಕ್ತದ ಅಂಕಿಗಳೆಲ್ಲ ನನಗೆ ಬಾಯಿಪಾಠ. ಗಂಡಹೆಂಡಿರಿಬ್ಬರೂ ಹೀಗೆ ಊಟಕ್ಕೆ ಕೂತರೆ ನಮಗಿಂತ ಸುಖಿಗಳಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ಅವಳ ಜಿಪುಣತನ. ಏಳು ಮಕ್ಕಳ ಮನೆಯಲ್ಲಿ ಬೆಳೆದವಳು, ಒಂದು ಹನಿ ಹಾಳಾಗಲು ಬಿಡುವುದಿಲ್ಲ. ಟೂತ್‌ಪೇಸ್ಟ್ ಮುಗಿದ ಮೇಲೆ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಇನ್ನೂ ಮೂರು ದಿನ ಓಡಿಸುತ್ತಾಳೆ. ಆದರೆ ಇಲ್ಲಿ ಹೇಳಬೇಕಾದ ಜಿಪುಣತನ ಅವಳದಲ್ಲ, ನನ್ನದು.

ಆರು ವರ್ಷದ ಹಿಂದೆ ವಾರ್ಡಿನಲ್ಲಿ ಗಟ್ಟಿ ಸೋಪು ಹೋಗಿ, ಒತ್ತಿದರೆ ಸುರಿಯುವ ದ್ರವದ ಸೋಪು ಬಂತು. ಕೈ ತೊಳೆಯುವ ಪ್ರತಿ ತೊಟ್ಟಿಯ ಪಕ್ಕ ಗೋಡೆಗೆ ಒಂದು ಬಾಟಲಿ. ಸ್ಟೋರಿನಿಂದ ತಿಂಗಳಿಗೆ ಮೂರು ಕ್ಯಾನ್ ಸೋಪು ಬರುತ್ತಿತ್ತು. ಇವಳ ಕಾಟಕ್ಕೆ ಎಲ್ಲರೂ ಕೈ ತೊಳೆದದ್ದೇ ತೊಳೆದದ್ದು, ತಿಂಗಳ ಕೊನೆಯ ವಾರ ಕ್ಯಾನ್ ಖಾಲಿ. ಮನೆಗೆ ಬಂದು ಪೇಚಾಡಿಕೊಂಡಳು. "ಇನ್ನೂ ಐದು ದಿನ ಇದೆ ರೀ. ಸೋಪೇ ಇಲ್ದೆ ಆ ಮಕ್ಕಳನ್ನ ಮುಟ್ಟಿದ್ರೆ?" ನಾನು ಯಾವುದೋ ಚೈನಿನ ಕೊಂಡಿ ಬಡಿಯುತ್ತಿದ್ದವನು ತಲೆ ಎತ್ತದೆ ಹೇಳಿದೆ: "ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಬಾಟಲಿ ಪೂರ್ತಿ ಖಾಲಿ ಆಗೋಕೆ ಬಿಡಬೇಡ. ಅರ್ಧ ಇರುವಾಗ್ಲೇ ಒಂದಿಷ್ಟು ನೀರು ಹಾಕಿ ಕುಲುಕು, ಮೇಲೆ ಹೊಸ ಸೋಪು ಸುರಿ. ಅಂಗಡೀಲಿ ನಾನು ಹಾಗೇ ಮಾಡೋದು. ನೊರೆ ಬಂದ್ರೆ ಆಯ್ತಪ್ಪ!"

ಅವಳ ಮುಖ ಅರಳಿತು. ಅಂದಿನಿಂದ ವಾರ್ಡಿನಲ್ಲಿ ಸೋಪು ಒಂದು ದಿನವೂ ಮುಗಿಯಲಿಲ್ಲ. ಬಾಟಲಿ ಯಾವಾಗಲೂ ತುಂಬಿರುತ್ತಿತ್ತು, ತಳ ಯಾರೂ ಕಾಣಲಿಲ್ಲ. ಹೆಡ್ ಸಿಸ್ಟರ್ ಎಲ್ಲರೆದುರು ಹೊಗಳಿದರು. ಮೇಲಿನ ಎರಡು ಮಹಡಿಯ ಕೆಲಸದವರು ಬಂದು ಇವಳ ಹತ್ತಿರ ಗುಟ್ಟು ಕಲಿತುಕೊಂಡು ಹೋದರು. ನಾನೂ ಮನೆಯಲ್ಲಿ ಸ್ವಲ್ಪ ಮೀಸೆ ತಿರುವಿದೆ.

ಚಿನಕುರುಳಿ ಬಂದದ್ದು ಈ ವರ್ಷದ ಮೊದಲಲ್ಲಿ. ಆರು ವರ್ಷದ ಹುಡುಗಿ. ಬಾಯಿ ಮುಚ್ಚದ ಮಾತು, ಅದಕ್ಕೇ ಇವಳು ಆ ಹೆಸರಿಟ್ಟಳು. ಔಷಧಿಗೆ ಕೂದಲೆಲ್ಲ ಉದುರಿತ್ತು. ಎದೆಯ ಹತ್ತಿರ ಒಂದು ಸಣ್ಣ ನಳಿಕೆ ಹಾಕಿ, ಅದರಲ್ಲೇ ಔಷಧಿ ಕೊಡುತ್ತಿದ್ದರು. "ಕೈಯಮ್ಮ, ಕ್ರಿಮಿಗೆ ಹಲ್ಲಿದೆಯಾ?" "ಇಲ್ಲ ಪುಟ್ಟ." "ಮತ್ತೆ ಹೇಗೆ ಕಚ್ಚುತ್ತೆ?" ಇವಳಿಗೆ ಉತ್ತರ ಗೊತ್ತಿಲ್ಲ. ಮನೆಗೆ ಬಂದು ನನ್ನನ್ನು ಕೇಳುತ್ತಾಳೆ, ನನಗೇನು ಗೊತ್ತು? ಮರುದಿನ ನರ್ಸನ್ನು ಕೇಳಿ, ತಿಳಿದುಕೊಂಡು ಹೋಗಿ ಹೇಳುತ್ತಾಳೆ. ಆ ಹೊತ್ತಿಗೆ ಹುಡುಗಿಯ ಹತ್ತಿರ ಇನ್ನೂ ನಾಲ್ಕು ಪ್ರಶ್ನೆ ಸಿದ್ಧ. ಹುಡುಗಿಯ ಅಮ್ಮ ಒಬ್ಬ ಹೊಲಿಗೆಯವಳು, ಮಿತಭಾಷಿ. ಡಾಕ್ಟರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಕ್ಷರ ತಪ್ಪದೆ ಮಾಡುವವಳು. ದಿನಾ ಬೆಳಿಗ್ಗೆ ಬಚ್ಚಲ ಬಾಟಲಿಯಿಂದ ಸೋಪು ತೆಗೆದುಕೊಂಡು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಮಗುವಿನ ಮೈಯನ್ನು ಮೃದುವಾಗಿ ಒರೆಸುತ್ತಿದ್ದಳು. ಇಡೀ ವಾರ್ಡಿನಲ್ಲಿ ಅವಳಷ್ಟು ಶುಚಿ ಯಾರೂ ಇಲ್ಲ ಎಂದು ನನ್ನ ಹೆಂಡತಿಯೇ ಸರ್ಟಿಫಿಕೇಟ್ ಕೊಟ್ಟಿದ್ದಳು.

ಆಮೇಲೆ ಜ್ವರಗಳು ಶುರುವಾದವು. ಮೊದಲು ಒಂಬತ್ತನೇ ಹಾಸಿಗೆಯ ಮಗುವಿಗೆ, ವಾರ ಕಳೆದು ಎರಡನೇ ಹಾಸಿಗೆಗೆ. ಇಬ್ಬರ ರಕ್ತದಲ್ಲೂ ಒಂದೇ ಕ್ರಿಮಿ. ಬೇಗ ಔಷಧಿ ಸಿಕ್ಕಿತು, ಇಬ್ಬರೂ ಚೇತರಿಸಿಕೊಂಡರು. ಆದರೆ ಒಂದೇ ಕ್ರಿಮಿ ಇಬ್ಬರಿಗೆ ಅಂದರೆ ಅದು ವಾರ್ಡಿನಲ್ಲೇ ಎಲ್ಲೋ ಮನೆ ಮಾಡಿದೆ ಎಂದು ಅರ್ಥ. ಸೋಂಕಿನ ಮೂಲ ಪತ್ತೆ ಹಚ್ಚುವ ನರ್ಸ್ ಒಬ್ಬರು ಬಂದರು. ಹತ್ತಿ ಸುತ್ತಿದ ಕಡ್ಡಿ ಹಿಡಿದು ನಲ್ಲಿ, ತೊಟ್ಟಿ, ಚರಂಡಿ ಬಾಯಿ, ನೆಲ ಒರೆಸುವ ಬಟ್ಟೆ, ಎಲ್ಲವನ್ನೂ ಸವರಿ ಪರೀಕ್ಷೆಗೆ ಕಳಿಸುವುದು ಅವರ ಕೆಲಸ. ನನ್ನ ಹೆಂಡತಿ ಅವರನ್ನು ಕಡ್ಡಿ ಮೇಡಂ ಎನ್ನುತ್ತಿದ್ದಳು, ಸ್ವಲ್ಪ ಸಿಟ್ಟಿನಲ್ಲೇ. "ನನ್ನ ವಾರ್ಡಲ್ಲಿ ಕ್ರಿಮಿ ಹುಡುಕ್ತಾರಂತೆ! ಹುಡುಕ್ಲಿ, ಸಿಕ್ರೆ ನನ್ನ ಹೆಸರು ಬದಲಾಯಿಸ್ಲಿ!" ಎಂದು ಮನೆಯಲ್ಲಿ ಹಾರಾಡಿದಳು. ಮೇಡಂ ಸೋಪನ್ನೂ ಪರೀಕ್ಷಿಸಿದರು, ಆದರೆ ಸ್ಟೋರಿನ ಸೀಲು ಒಡೆಯದ ಕ್ಯಾನಿನಿಂದ. ಅದು ಶುದ್ಧ ಎಂದು ವರದಿ ಬಂತು.

ಒಂದು ಮಂಗಳವಾರ ಮಧ್ಯಾಹ್ನ ಚಿನಕುರುಳಿಗೆ ನೂರಾಮೂರು ಜ್ವರ. ಆವತ್ತು ಅವಳ ಬಿಳಿಕಣ ಸೊನ್ನೆ. ಅರ್ಧ ಗಂಟೆಯಲ್ಲಿ ಔಷಧಿ ಹತ್ತಿಸಿದರು. ಸಂಜೆಗೆ ರಕ್ತದ ಒತ್ತಡ ಇಳಿಯಿತು, ಕೈಕಾಲು ತಣ್ಣಗಾಯಿತು. ತೀವ್ರ ನಿಗಾ ಘಟಕಕ್ಕೆ ಒಯ್ದರು. ಮರುದಿನ ರಕ್ತದ ವರದಿ ಬಂತು. ಅದೇ ಕ್ರಿಮಿ. ಅದು ಎಲ್ಲಿದೆ ಎಂದು ಸಿಗುವವರೆಗೆ ವಾರ್ಡಿನ ಯಾವ ಮಗುವಿಗೂ ಮುಂದಿನ ಸುತ್ತಿನ ಕ್ಯಾನ್ಸರ್ ಔಷಧಿ ಕೊಡುವುದಿಲ್ಲ ಎಂದರು ದೊಡ್ಡ ಡಾಕ್ಟರು. ಕೊಟ್ಟರೆ ಕಣ ಇಳಿಯುತ್ತದೆ, ಕ್ರಿಮಿ ಹಿಡಿಯುತ್ತದೆ. ಕೊಡದಿದ್ದರೆ ಕ್ಯಾನ್ಸರ್ ಕಾಯುತ್ತಾ ಕೂರುವುದಿಲ್ಲ.

ನನ್ನ ಹೆಂಡತಿ ಊಟ ಬಿಟ್ಟಳು. ಮನೆಗೆ ಬಂದು ಅಂಕಿ ಹೇಳುವುದೂ ನಿಂತಿತು. ನಾನೇ ಕೇಳಿದರೆ "ಹಾಗೇ ಇದೆ" ಎನ್ನುತ್ತಿದ್ದಳು. ವಾರ್ಡನ್ನು ಎರಡೆರಡು ಸಲ ಒರೆಸಿದಳು, ಗೋಡೆ ಉಜ್ಜಿದಳು, ಕಿಟಕಿಯ ಸರಳು ಉಜ್ಜಿದಳು. ಎಲ್ಲ ಮುಗಿಸಿ ಏನು ಮಾಡುತ್ತಿದ್ದಳು? ಎಲ್ಲರೂ ಇನ್ನೂ ಚೆನ್ನಾಗಿ ಕೈ ತೊಳೆಯಲಿ ಎಂದು ಬಾಟಲಿಗಳಿಗೆ ಸೋಪು ತುಂಬಿಸುತ್ತಿದ್ದಳು.

ಗುರುವಾರ ಕಡ್ಡಿ ಮೇಡಂ ಎಲ್ಲ ಕೆಲಸದವರನ್ನೂ ಕೂರಿಸಿಕೊಂಡು ಹೇಳಿದರು. "ಈ ಕ್ರಿಮಿಗೆ ಒದ್ದೆ ಬೇಕು. ಒಣಗಿದ ಜಾಗದಲ್ಲಿ ಇದರ ಆಟ ನಡೆಯಲ್ಲ. ಎಲ್ಲಿ ನೀರು ದಿನಗಟ್ಟಲೆ ನಿಂತಿರುತ್ತೋ ಅಲ್ಲಿ ಲೋಳೆ ಕಟ್ಟಿಕೊಂಡು ಕೂತಿರುತ್ತೆ. ನಿಮ್ಮ ಕಣ್ಣಿಗೆ ಎಲ್ಲಾದ್ರೂ ಬಿದ್ರೆ ಹೇಳಿ." ಇವಳು ಎದ್ದು ಹೋಗಿ ಮತ್ತೆ ತೊಟ್ಟಿಗಳನ್ನು ನೋಡಿದಳು. ಬಚ್ಚಲ ಬಾಟಲಿ ಅರ್ಧವಾಗಿತ್ತು. ಅಭ್ಯಾಸದಂತೆ ಮುಚ್ಚಳ ತಿರುಗಿಸಿ, ನೀರು ಹಾಕಲು ನಲ್ಲಿಯ ಕೆಳಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಬೆರಳನ್ನು ಬಾಟಲಿಯ ಬಾಯೊಳಗೆ ಹಾಕಿ ಸುತ್ತ ಸವರಿದಳು. ಲೋಳೆ.

ಅಂದು ಅವಳು ಬಂದಾಗ ಇನ್ನೂ ಬಿಸಿಲಿತ್ತು. ನಾನು ಒಂದು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದೆ. ಬಂದವಳು ಸ್ಟೂಲಿನ ಮೇಲೆ ಕೂತು, "ರೀ, ಸೋಪಲ್ಲಿ ಕ್ರಿಮಿ ಬದುಕುತ್ತಾ?" ಎಂದಳು.

"ಸೋಪಲ್ಲಿ ಕ್ರಿಮಿನಾ? ಬೆಂಕಿಗೆ ಚಳಿ ಆಗುತ್ತಾ ಅಂತ ಕೇಳು!" ಎಂದು ನಕ್ಕೆ.

ಅವಳು ನಗಲಿಲ್ಲ. ಎಲ್ಲ ಹೇಳಿದಳು. ಆರು ವರ್ಷದಿಂದ ಆ ಬಾಟಲಿಗಳನ್ನು ಒಮ್ಮೆಯೂ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿಲ್ಲ. ನೀರು ಬೆರೆಸಿದ ಸೋಪು ತಳದಲ್ಲಿ ನಿಂತೇ ಇತ್ತು. ಆ ಸೋಪಿನಿಂದ ತಾಯಿ ದಿನಾ ಮಗುವಿನ ಎದೆ ಒರೆಸುತ್ತಿದ್ದಳು, ನಳಿಕೆಯ ಸುತ್ತ.

ನನ್ನ ಕೈಯಲ್ಲಿದ್ದ ಟ್ಯೂಬ್ ಕೆಳಗೆ ಬಿತ್ತು. ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತೇ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಯಾರಿಗೂ ಹೇಳಬೇಡ" ಎಂದೆ. "ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬಾಟಲಿ ಎಲ್ಲಾ ತೊಳೆದು ಒಣಗಿಸಿಬಿಡು. ಕ್ರಿಮಿ ಹೋಯ್ತು, ಕಥೆ ಮುಗೀತು. ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

"ಮತ್ತೆ? ಇಪ್ಪತ್ತೆರಡು ವರ್ಷದ ಹೆಸರನ್ನ ನೀನಾಗೇ ನೀರಿಗೆ ಹಾಕ್ತೀಯಾ? ಆ ತಾಯಿ ನಿನ್ನನ್ನ ಸುಮ್ನೆ ಬಿಡ್ತಾಳಾ?"

"ನಾನು ಸುಮ್ನೆ ತೊಳೆದುಬಿಟ್ರೆ ಮೇಡಂ ಇನ್ನೂ ನಲ್ಲಿ ಹಿಂದೆ ಹುಡುಕ್ತಾನೇ ಇರ್ತಾರೆ. ಹದಿನಾಲ್ಕು ಮಕ್ಕಳ ಔಷಧಿ ನಿಂತಿದೆ ರೀ. ಮೇಲಿನ ಎರಡು ಮಹಡಿಗೂ ನಾನೇ ಕಲಿಸಿದ್ದೀನಿ. ಅಲ್ಲಿ ಯಾರು ತೊಳೀತಾರೆ?"

ನನಗೆ ಸಿಟ್ಟು ನೆತ್ತಿಗೇರಿತು. ಉತ್ತರ ಇಲ್ಲದಾಗ ನನಗೆ ಸಿಟ್ಟೇ ಬರುವುದು. "ನಿನಗೆ ಬುದ್ಧಿ ನೆಟ್ಟಗಿಲ್ಲ" ಎಂದು ಕೂಗಾಡಿದೆ. ಅವಳು ಎದ್ದು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಹೋದಳು. ನೀರು ಬೆರೆಸಲು ಹೇಳಿಕೊಟ್ಟವನು ನಾನು ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಸೀದಾ ಕಡ್ಡಿ ಮೇಡಂ ಕೋಣೆಗೆ ಹೋಗಿ ಬಾಟಲಿಯನ್ನು ಮೇಜಿನ ಮೇಲಿಟ್ಟಳಂತೆ. ಮೇಡಂ ಅರ್ಧ ಕೇಳುವಷ್ಟರಲ್ಲೇ ಎದ್ದು ನಿಂತರು. ಒಂದು ಗಂಟೆಯಲ್ಲಿ ಮೂರು ಮಹಡಿಯ ಬಾಟಲಿಗಳೂ ಗೋಡೆಯಿಂದ ಕೆಳಗಿಳಿದವು. ಎರಡು ದಿನಕ್ಕೆ ವರದಿ ಬಂತು. ಹನ್ನೊಂದು ಬಾಟಲಿಯಲ್ಲಿ ಅದೇ ಕ್ರಿಮಿ. ಮಕ್ಕಳ ರಕ್ತದಲ್ಲಿದ್ದದ್ದೇ.

ಹುಡುಗಿಯ ತಾಯಿಗೆ ಹೇಳಲೇಬೇಕಿತ್ತು. ದೊಡ್ಡ ಡಾಕ್ಟರು ತಾವೇ ಹೇಳುತ್ತೇವೆ ಎಂದರಂತೆ. "ಇಲ್ಲ ಸಾರ್, ನಾನೂ ಬರ್ತೀನಿ" ಎಂದು ಇವಳೂ ಹೋದಳು. ನಿಗಾ ಘಟಕದ ಹೊರಗಿನ ಬೆಂಚಿನ ಹತ್ತಿರ ನಿಂತು, "ಸೋಪಿಗೆ ನೀರು ಹಾಕಿದ್ದು ನಾನೇ ಅಮ್ಮಾ. ಒಳ್ಳೇದಾಗ್ಲಿ ಅಂತಲೇ ಹಾಕಿದ್ದು. ನನ್ನಿಂದ ಹೀಗಾಯ್ತು" ಎಂದಳು. ಡಾಕ್ಟರು ನಡುವೆ ಬಾಯಿ ಹಾಕಿ, "ನಾಲ್ಕು ಕ್ಯಾನ್ ಬೇಕಾಗೋ ಕಡೆ ಮೂರರಲ್ಲಿ ಹೇಗೆ ಸಾಗ್ತಿದೆ ಅಂತ ನಾವ್ಯಾರೂ ಒಂದು ದಿನಾನೂ ಕೇಳಿಲ್ಲ. ತಪ್ಪು ನಮ್ಮದೂ ಹೌದು" ಎಂದರು. ತಾಯಿ ಇಬ್ಬರ ಮುಖವನ್ನೂ ನೋಡಿದಳು. "ನನ್ನ ಕೈಯಾರೆ ಹಚ್ಚಿದ್ದೀನಿ" ಎಂದಳು. ಆಮೇಲೆ ಇವಳ ಕಡೆ ತಿರುಗಿ, "ನೀವು ನನ್ನ ಮಗಳ ಹತ್ರ ಬರಬೇಡಿ" ಎಂದಳು.

ಇದನ್ನು ಮನೆಯಲ್ಲಿ ಹೇಳುವಾಗ ನನ್ನ ಹೆಂಡತಿ ಅತ್ತಳು. ಮ್ಯಾನೇಜರಿಗೆ ಹೆದರದವಳು, ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಹೆಡ್ ಸಿಸ್ಟರ್ ಎದುರು ನಿಂತು, "ಸಿಸ್ಟರ್, ಸೋಪಿಗೆ ನೀರು ಹಾಕೋ ಐಡಿಯಾ ನಂದು. ಅವಳದೇನೂ ತಪ್ಪಿಲ್ಲ. ತೆಗೆಯೋದಾದ್ರೆ ನನ್ನನ್ನ ಕೆಲಸದಿಂದ ತೆಗೀರಿ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ನೀವು ಇಲ್ಲಿ ಕೆಲಸಕ್ಕೇ ಇಲ್ವಲ್ಲಪ್ಪಾ."

"ಅದು ಸರಿ. ಆದ್ರೂ..."

"ಏನು ಮಾಡ್ತೀರಿ ನೀವು?"

"ಸೈಕಲ್ ರಿಪೇರಿ."

"ಶಿಕ್ಷೆ ಬೇಕೇ ಬೇಕು ಅಂದ್ರೆ ಬಟ್ಟೆ ಕೋಣೆಯ ಟ್ರಾಲಿಗಳ ಚಕ್ರ ಕಿರುಗುಟ್ತಾ ಇವೆ, ನೋಡಿ. ನಿಮ್ಮ ಮನೆಯವರನ್ನೂ ಸದ್ಯಕ್ಕೆ ಅಲ್ಲೇ ಹಾಕಿದ್ದೀವಿ. ಕೆಲಸದಿಂದ ಯಾರೂ ತೆಗೀತಾ ಇಲ್ಲ. ಹೋಗಿ, ಮೊದಲು ಕೈ ತೊಳ್ಕೊಳ್ಳಿ."

ಹೀಗೆ ನಾನು ದಿನಾ ಮಧ್ಯಾಹ್ನ ಒಂದು ಗಂಟೆ ಆಸ್ಪತ್ರೆಯ ಬಟ್ಟೆ ಕೋಣೆಯ ನೌಕರನಾದೆ, ಸಂಬಳವಿಲ್ಲದೆ. ಕೋಣೆಯ ತುಂಬ ಒಗೆದ ಹೊದಿಕೆಗಳ ಬಿಸಿ ವಾಸನೆ. ಅವಳು ಮಡಚುತ್ತಾ, ನಾನು ಚಕ್ರ ಬಿಚ್ಚುತ್ತಾ ಸುದ್ದಿಗೆ ಕಾಯುತ್ತಿದ್ದೆವು. ವಾರ್ಡಿನಲ್ಲಿ ಈಗ ಮುಚ್ಚಿದ ಚೀಲದ ಸೋಪು. ಮುಗಿದರೆ ಚೀಲವನ್ನೇ ಎಸೆದು ಹೊಸದು ಸಿಕ್ಕಿಸುವುದು, ತುಂಬಿಸುವ ಮಾತೇ ಇಲ್ಲ. ಉಳಿದ ಮಕ್ಕಳಿಗೆ ನಿಂತ ಔಷಧಿ ಶುರುವಾಯಿತು. ಆಮೇಲೆ ಯಾರಿಗೂ ಆ ಜ್ವರ ಬರಲಿಲ್ಲ. ಆದರೆ ನಮಗೆ ಬೇಕಾಗಿದ್ದ ಸುದ್ದಿ ಒಂದೇ.

ಡಾಕ್ಟರು ಆ ಕ್ರಿಮಿಗೆ ಸರಿಯಾಗಿ ತಟ್ಟುವ ಔಷಧಿಗೆ ಬದಲಾಯಿಸಿದ್ದರು. ಎದೆಯ ನಳಿಕೆಯನ್ನೂ ತೆಗೆದಿದ್ದರು, ಅದರೊಳಗೂ ಕ್ರಿಮಿ ಅಂಟಿಕೊಂಡಿರಬಹುದು ಎಂದು. ಸೋಮವಾರ ರಕ್ತದ ಒತ್ತಡ ಒಂದು ಹದಕ್ಕೆ ಬಂತು. ಬುಧವಾರ ಜ್ವರ ನೂರಕ್ಕೆ ಇಳಿಯಿತು. ಶುಕ್ರವಾರ ಒಬ್ಬ ನರ್ಸ್ ಬಟ್ಟೆ ಕೋಣೆಯ ಬಾಗಿಲಲ್ಲಿ ತಲೆ ಇಣುಕಿ, "ಕೈಯಮ್ಮ, ಕಣ ನೂರು!" ಎಂದು ಓಡಿಹೋದಳು. ಭಾನುವಾರ ಮುನ್ನೂರು. ಅದರ ಮರುದಿನ ಆರುನೂರು. "ಮಾತಾಡ್ತಾ ಇದ್ದಾಳಂತೆ ರೀ! ನಿಗಾ ಘಟಕದವರ ತಲೆ ಚಿಟ್ಟು ಹಿಡಿಸಿದ್ದಾಳಂತೆ!" ಎಂದು ನನ್ನ ಹೆಂಡತಿ ಹೊದಿಕೆಯಲ್ಲೇ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡ ತಪ್ಪಿಗೆ ಆ ಹೊದಿಕೆಯನ್ನು ಮತ್ತೆ ಒಗೆಯಲು ಹಾಕಿದಳು. ಆ ಸಂಜೆ ನಾವಿಬ್ಬರೂ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆವು.

ಆದರೆ ಆ ತಾಯಿ ಮಾತ್ರ ಒಂದು ದಿನವೂ ಈ ಕಡೆ ಸುಳಿಯಲಿಲ್ಲ. ಕಾರಿಡಾರಿನಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ನನ್ನ ಹೆಂಡತಿ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದಳು. "ಮಗು ಉಳೀತಲ್ಲೇ, ಇನ್ನೇನು?" ಎಂದು ನಾನು ಸಮಾಧಾನ ಹೇಳಿದೆ. "ಉಳೀತು. ಅಷ್ಟು ಸಾಕು" ಎಂದಳು. ಸಾಕು ಎಂದವಳ ಮುಖ ನೋಡಿದರೆ ಸಾಕಾಗಿರಲಿಲ್ಲ.

ಹುಡುಗಿ ಮನೆಗೆ ಹೋಗುವ ದಿನ ಬಂತು. ಕಣ ತುಂಬಿಕೊಳ್ಳಲು ಎರಡು ವಾರ ಮನೆಯಲ್ಲಿದ್ದು, ಮತ್ತೆ ಔಷಧಿಗೆ ಬರಬೇಕಿತ್ತು. ನಾನು ಕೊನೆಯ ಟ್ರಾಲಿಯನ್ನು ತಲೆಕೆಳಗೆ ಮಾಡಿ ಎಣ್ಣೆ ಬಿಡುತ್ತಿದ್ದೆ. ಬಾಗಿಲಲ್ಲಿ ಆ ತಾಯಿ ನಿಂತಿದ್ದಳು. ನಾನು ಅವಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು, ಕಣ್ಣ ಕೆಳಗೆ ಕಪ್ಪು. ನನ್ನ ಹೆಂಡತಿ ಮಡಚುತ್ತಿದ್ದ ಹೊದಿಕೆ ಹಿಡಿದುಕೊಂಡೇ ಎದ್ದು ನಿಂತಳು. ನಾನು ಬೈಗುಳಕ್ಕೆ ತಯಾರಾದೆ. ಒಂದು ಮಾತು ಹೆಚ್ಚಾದರೆ ನಾನೂ ಸುಮ್ಮನಿರುವವನಲ್ಲ ಎಂದುಕೊಂಡೆ.

"ನಾಳೆ ನಿಮಗೆ ರಜೆ ಇದೆಯಾ?" ಎಂದಳು ತಾಯಿ.

"ಯಾಕಮ್ಮಾ?"

"ಮಗಳನ್ನ ಮನೆಗೆ ಕರ್ಕೊಂಡು ಹೋಗ್ತಾ ಇದ್ದೀನಿ. ಮನೆ ಹೇಗಿರಬೇಕು, ಏನು ತೊಳೀಬೇಕು, ಏನು ಬಿಸಾಕಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ಓದಿದ್ದೀನಿ. ಆದ್ರೆ ನೀವು ಒಂದ್ಸಲ ಬಂದು ನೋಡ್ಬೇಕು."

ನನ್ನ ಹೆಂಡತಿ ಹೊದಿಕೆಯನ್ನು ಎದೆಗೆ ಒತ್ತಿಕೊಂಡಳು. "ನಾನಾ? ನನ್ನಿಂದ ತಾನೇ ಅಮ್ಮಾ ಅವಳಿಗೆ..."

"ಗೊತ್ತು" ಎಂದಳು ತಾಯಿ. "ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ. ಸುಳ್ಳು ಹೇಳಲ್ಲ. ಆದ್ರೆ ಅವಳ ಪಕ್ಕ ಕೂತು ಇಷ್ಟು ದಿನ ಅದನ್ನೇ ಯೋಚಿಸಿದ್ದೀನಿ. ಬೇರೆಯವರು ಬಂದು ಎಲ್ಲಾ ಸರಿ ಇದೆ ಅಂದ್ರೆ ನನಗೆ ನಿದ್ದೆ ಬರಲ್ಲ. ಅವರಿಂದ ಏನಾದ್ರೂ ತಪ್ಪಾದ್ರೆ ನನಗೆ ಗೊತ್ತೇ ಆಗಲ್ಲ. ನಿಮ್ಮಿಂದ ಆದ್ರೆ ನೀವು ಬಂದು ಹೇಳ್ತೀರ."

ನಾನಂತೂ ಎಣ್ಣೆಯನ್ನು ಟ್ರಾಲಿಯ ಚಕ್ರಕ್ಕೆ ಬಿಡುವ ಬದಲು ನೆಲಕ್ಕೆ ಸುರಿಯುತ್ತಿದ್ದೆ.

"ರಜೆ ಇಲ್ಲ" ಎಂದಳು ನನ್ನ ಹೆಂಡತಿ. "ಒಂದು ನಿಮಿಷ ಇರಿ, ಎಲ್ಲೂ ಹೋಗ್ಬೇಡಿ, ಕೇಳ್ಕೊಂಡು ಬಂದೆ!" ಎಂದು ಹೊದಿಕೆಯನ್ನು ನನ್ನ ಮೇಲೆಸೆದು ಹೆಡ್ ಸಿಸ್ಟರ್ ಕೋಣೆಯ ಕಡೆ ಓಡಿದಳು. ಐವತ್ತೆರಡು ವರ್ಷದ ಹೆಂಗಸು ಆಸ್ಪತ್ರೆಯ ಕಾರಿಡಾರಿನಲ್ಲಿ ಹಾಗೆ ಓಡುವುದನ್ನು ನಾನೂ ಆ ತಾಯಿಯೂ ಬಾಗಿಲಲ್ಲಿ ನಿಂತು ನೋಡಿದೆವು.